ಬಸಂತರಾಯ ಮಾಸ್ತರರ ಗಂಭೀರ ಪರಿಣಾಮ

ಮೋರಟಗಿಯ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಇತಿಹಾಸ ಕಲಿಸುತ್ತಿದ್ದ ಬಸಂತರಾಯ ಮಾಸ್ತರರು, 2003ರ ಜುಲೈ ತಿಂಗಳ ಒಂದು ರವಿವಾರ, ಸರಕಾರಿ ಅರ್ಜಿಯೊಂದರ ಹದಿನೇಳನೆಯ ಕಲಮಿನ ಮುಂದೆ ಒಂದು ಸರಿಗುರುತು ಹಾಕಿದರು. ಗುರುತೇನೋ ಬಹಳ ಅಂದವಾಗಿ ಬಿದ್ದಿತ್ತು. ಆದರೆ ಮುಂದಿನ ನಾಲ್ಕು ತಿಂಗಳು ಊರವರು ಕೆಲಸ ಬಿಟ್ಟು ಅವರ ಮನೆಯ ಮುಂದೆ ನಿಲ್ಲಲು, ಎರಡು ಇಲಾಖೆಗಳು ಒಂದರ ಕಾಗದವನ್ನು ಇನ್ನೊಂದು ಮುಟ್ಟದಂತಾಗಲು, ಅವರ ಓಣಿಯ ಖಾತುನಬಿಯ ಆಡು ಮೂರು ದಿನ ಮೇವು ಬಿಡಲು ಆ ಗುರುತೊಂದೇ ಕಾರಣವಾಯಿತು.

ಅರ್ಜಿ ಹಾಕುವ ಹುರುಪು ಹುಟ್ಟಿದ್ದು ವಿಜಾಪುರದಲ್ಲಿ. ಹಳೆಯ ಕಾಗದಪತ್ರಗಳನ್ನು ಕಂಪ್ಯೂಟರಿಗೆ ಏರಿಸುವ ಕುರಿತು ಅಲ್ಲೊಂದು ಕಾರ್ಯಾಗಾರ ನಡೆದಿತ್ತು. ಬಾಗಿಲಲ್ಲಿ ಎಲ್ಲರ ಎದೆಗೂ ಒಂದೊಂದು ಚೀಟಿ ಚುಚ್ಚಿದರು. ಮುದ್ದೇಬಿಹಾಳದಿಂದ ಬಂದಿದ್ದ ಮಾಸ್ತರರೊಬ್ಬರ ಚೀಟಿಯ ಮೇಲೆ ‘ಸಂಶೋಧಕರು’ ಎಂದಿತ್ತು. ಬಸಂತರಾಯರ ಚೀಟಿಯ ಮೇಲೆ ‘ಇತರೆ’ ಎಂದಿತ್ತು. ಸಂಶೋಧಕರಿಗೆ ಮುಂದಿನ ಸಾಲಿನಲ್ಲಿ ಮೆತ್ತನೆಯ ಕುರ್ಚಿ, ಗೋಡಂಬಿ ಹಾಕಿದ ಉಪ್ಪಿಟ್ಟು. ಇತರೆಯವರಿಗೆ ಹಿಂದೆ ಕಟ್ಟಿಗೆಯ ಬೆಂಚು, ಬರೀ ಉಪ್ಪಿಟ್ಟು. ಇಪ್ಪತ್ತೆಂಟು ವರ್ಷ ಪಾಣಿಪತ್ತದ ಮೂರೂ ಕದನಗಳನ್ನು ಬಾಯಿಪಾಠ ಹೇಳಿದವರಿಗೆ ಇದು ಸಣ್ಣ ಏಟಲ್ಲ.

ಮುಖ್ಯ ಭಾಷಣ ಮಾಡಿದವರು ಪರಂಪರೆ ಕಚೇರಿಯ ಅಧಿಕಾರಿ ವಿದ್ಯಾವತಿಯವರು. ಮೈಸೂರಿನ ಕಡೆಯವರಾದ್ದರಿಂದ ಅವರ ಮಾತು ಕೇಳಲು ಇಂಪಾಗಿತ್ತು. “ಒಂದು ಕಟ್ಟು ಕಾಗದ ಗಣಕಕ್ಕೆ ಏರಿತೆಂದರೆ ಒಂದೂವರೆ ಮರ ಉಳಿಯಿತೆಂದು ತಿಳಿಯಿರಿ. ನಮ್ಮ ಗುರಿ ಕಾಗದವಿಲ್ಲದ ಕಚೇರಿ” ಎಂದರು. ಈ ಸಂದೇಶವನ್ನು ನುಣುಪು ಹಾಳೆಯ ನಲವತ್ತು ಪುಟದ ಪುಸ್ತಕದಲ್ಲಿ ಅಚ್ಚು ಹಾಕಿಸಿ ತಲೆಗೆ ಮೂರು ಪ್ರತಿಯಂತೆ ಹಂಚಿದರು.

ಬಸಂತರಾಯರ ಮನೆಯ ಅಟ್ಟದ ಮೇಲೆ ಮುತ್ತಜ್ಜನ ಕುಲಕರ್ಣಿಕೆಯ ಕಾಲದ ಹನ್ನೆರಡು ಕಾಗದದ ಕಟ್ಟುಗಳಿದ್ದವು. ಎಲ್ಲವನ್ನೂ ಕೆಂಪು ಬಟ್ಟೆಯಲ್ಲಿ ಸುತ್ತಿ ಇಡಲಾಗಿತ್ತು. ಒಳಗಿನದೆಲ್ಲ ಹಿಂದೆ ಮರಾಠಿ ದಫ್ತರಗಳಲ್ಲಿ ಬಳಸುತ್ತಿದ್ದ ಮೋಡಿ ಬರಹ. ಒಂದು ಅಕ್ಷರ ಇನ್ನೊಂದರ ಬಾಲ ಹಿಡಿದುಕೊಂಡು, ಎಲ್ಲೂ ನಿಲ್ಲದೆ, ಸಾಲಿನ ಕೊನೆಯವರೆಗೆ ಓಡುವಂಥದ್ದು. ಅದರಲ್ಲೇನಿದೆ ಎಂದು ಯಾರಾದರೂ ಕೇಳಿದರೆ ಬಸಂತರಾಯರು “ಇತಿಹಾಸ ಅದ” ಎನ್ನುತ್ತಿದ್ದರು. ಇನ್ನೂ ಒತ್ತಿ ಕೇಳಿದರೆ, “ಗಹನ ಇತಿಹಾಸ ಅದ.” ಅದರಾಚೆ ಯಾರೂ ಒತ್ತಿದ್ದಿಲ್ಲ.

ಈ ಕಟ್ಟುಗಳನ್ನು ಕಂಪ್ಯೂಟರಿಗೆ ಏರಿಸುವ ಯಂತ್ರ ಬೇಕೆಂದು ಪರಂಪರೆ ಕಚೇರಿಗೆ ಬರೆದದ್ದೇ ಆ ಅರ್ಜಿ. ಇನ್ನು ಅದರ ಹದಿನೇಳನೆಯ ಕಲಮು. ‘ಯೋಜನೆಯಿಂದ ಪರಿಸರದ ಮೇಲೆ ಆಗುವ ಪರಿಣಾಮ: ಇಲ್ಲ / ಅಲ್ಪ / ಗಂಭೀರ’ ಎಂದು ಅದರಲ್ಲಿತ್ತು. ಬಸಂತರಾಯರು ಕನ್ನಡಕ ಒರೆಸಿಕೊಂಡು ವಿಚಾರ ಮಾಡಿದರು. ತಮ್ಮ ಯೋಜನೆಯಿಂದ ಪರಿಣಾಮವೇ ಇಲ್ಲ ಎಂದು ತಾವೇ ಬರೆದುಕೊಡುವ ಮೂರ್ಖ ಯಾರಿದ್ದಾನು? ‘ಅಲ್ಪ’ ಎಂಬುದಂತೂ ಅವಮಾನದ ಶಬ್ದ. ‘ಗಂಭೀರ’ ಮಾತ್ರ ತೂಕದ ಶಬ್ದ; ಶಾಲೆ ಬಿಡುವ ಒಳ್ಳೆಯ ಹುಡುಗರ ದಾಖಲೆಯಲ್ಲಿ ನಡತೆಯ ಮುಂದೆ ಅವರು ಅದನ್ನೇ ಬರೆಯುತ್ತಿದ್ದರು. ಅದರ ಮುಂದೆ ಗುರುತು ಹಾಕಿ, ಸಾಲದೆಂದು ಕೆಳಗೆ ಒಂದು ಟಿಪ್ಪಣಿಯನ್ನೂ ಸೇರಿಸಿದರು: ‘ಈ ಪರಿಣಾಮವು ಸಿಂದಗಿ, ಇಂಡಿ ತಾಲೂಕುಗಳ ಇಡೀ ಪರಿಸರವನ್ನು ವ್ಯಾಪಿಸಿ ಮುಂದಿನ ಹಲವು ತಲೆಮಾರುಗಳವರೆಗೆ ಉಳಿಯತಕ್ಕದ್ದು.’

ಸರಕಾರದಲ್ಲಿ ಒಂದು ಅರ್ಜಿಯನ್ನು ಎಲ್ಲರೂ ಪೂರ್ತಿ ಓದುವ ಪದ್ಧತಿಯಿಲ್ಲ. ಪರಂಪರೆ ಕಚೇರಿಯವರು ಮೊದಲ ಹದಿನಾರು ಕಲಮು ಓದಿ ಯಂತ್ರ ಮಂಜೂರು ಮಾಡಿದರು. ಹದಿನೇಳನೆಯದು ತಮ್ಮ ವಿಷಯವಲ್ಲವೆಂದು ಅದೊಂದನ್ನೇ ಪ್ರತಿ ತೆಗೆದು ಪರಿಸರ ಕಚೇರಿಗೆ ಕಳಿಸಿದರು. ಅಲ್ಲಿಯವರು ಅದೊಂದನ್ನೇ ಓದಿದರು. ಓದಿ ಗಾಬರಿಯಾದರು.

ಹೀಗಾಗಿ ಸಪ್ಟೆಂಬರಿನ ಮೊದಲ ವಾರದಲ್ಲಿ ಊರಿಗೆ ಎರಡು ವಸ್ತುಗಳು ಒಟ್ಟಿಗೇ ಬಂದವು. ಒಂದು, ಟೆಂಪೋದಲ್ಲಿ ಒಂಬತ್ತು ಪೆಟ್ಟಿಗೆ ಯಂತ್ರ. ಪೆಟ್ಟಿಗೆಯೊಳಗೆ ಪೆಟ್ಟಿಗೆ, ಅದರೊಳಗೆ ಥರ್ಮಾಕೋಲು, ಅದರೊಳಗೆ ಪ್ಲಾಸ್ಟಿಕ್ ಚೀಲ. ಒಂಬತ್ತನ್ನೂ ಬಿಚ್ಚಿದ ಮೇಲೆ ಯಂತ್ರ ಒಂದು ಮೂಲೆಯಲ್ಲಿ ಕೂತಿತು, ಅದರ ಬಟ್ಟೆಬರೆ ಓಣಿಯ ತುಂಬ ಹಾರಾಡಿತು. ಖಾತುನಬಿಯ ಆಡು ಥರ್ಮಾಕೋಲನ್ನು ಮಂಡಕ್ಕಿಯೆಂದು ತಿಳಿದದ್ದು ಆವಾಗಲೇ. ಬ್ಯಾಟರಿ ಇಳಿಸುವಾಗ ಅದರೊಳಗಿನ ನೀರು ಚೆಲ್ಲಿ, ಹಿತ್ತಲಿನ ಕರಿಬೇವಿನ ಗಿಡ ವಾರದಲ್ಲಿ ಒಣಗಿತು. ಮಾಸ್ತರರ ಹೆಂಡತಿ ರಂಗೂಬಾಯಿ ಒಣಗಿದ ಗಿಡ ನೋಡಿದರು. ಆವತ್ತಿನಿಂದ ಸಾರಿಗೆ ಒಗ್ಗರಣೆ ನಿಲ್ಲಿಸಿದರು.

ಇನ್ನೊಂದು, ಪಂಚಾಯತಿಯ ಹಲಗೆಗೆ ಅಂಟಿಸಿದ ನೋಟೀಸು. ‘ಬಸಂತರಾಯ ಇವರು ತಮ್ಮ ವಾಸದ ಮನೆಯಲ್ಲಿ ಸ್ಥಾಪಿಸಲಿರುವ ಘಟಕದಿಂದ ಪರಿಸರಕ್ಕೆ ಗಂಭೀರ ಪರಿಣಾಮ ಉಂಟಾಗಲಿದ್ದು, ಸಾರ್ವಜನಿಕರ ಆಕ್ಷೇಪಣೆಗಳಿದ್ದಲ್ಲಿ ಮೂವತ್ತು ದಿನಗಳೊಳಗೆ ಸಲ್ಲಿಸತಕ್ಕದ್ದು.’

ಘಟಕವೆಂದರೆ ಫ್ಯಾಕ್ಟರಿ ಎಂಬುದರಲ್ಲಿ ಊರಿನಲ್ಲಿ ಯಾರಿಗೂ ಸಂಶಯವಿರಲಿಲ್ಲ. ಯಾವ ಫ್ಯಾಕ್ಟರಿ ಎಂಬುದಷ್ಟೇ ತಿಳಿಯಬೇಕಿತ್ತು. ಅದನ್ನು ತಿಳಿಯಲು ಮೊದಲು ಬಂದವನು ಪಕ್ಕದ ಮನೆಯ ಭೀಮಶ್ಯಾ, ಎರಡೆಕರೆ ಕಬ್ಬಿನ ರೈತ.

“ಮಾಸ್ತರ, ಫ್ಯಾಕ್ಟ್ರಿ ಹಾಕಾಕತ್ತೀರಂತ. ಒಂದು ಮಾತು ಹೇಳಬಾರದೇನ್ರಿ? ಗ್ವಾಡಿಗಿ ಗ್ವಾಡಿ ಹಚ್ಚಿ ಅದೇವಿ ನಾವು.”

“ಫ್ಯಾಕ್ಟ್ರಿ ಅಲ್ಲೋ ಭೀಮಶ್ಯಾ. ಹಳೇ ಕಾಗದ ಮಷೀನಿನ್ಯಾಗ ಇಡ್ತೀವಿ. ಕೆಳಗ ಬೆಳಕು ಹಾಯ್ತದ. ಆ ಕಡೆ ಕಂಪ್ಯೂಟರಿನ್ಯಾಗ ಅದ ಕಾಗದ ಬರ್ತದ. ಅಷ್ಟ.”

“ಈ ಕಡೆ ಹಳೇದು ಹಾಕಿದ್ರ ಆ ಕಡೆ ಹೊಸಾದು ಬರತೈತಿ.”

“ಹೂಂ. ಸ್ವಚ್ಛ ಆಗಿ ಬರ್ತದ.”

ಭೀಮಶ್ಯಾ ಹೆಗಲ ಮೇಲಿನ ವಸ್ತ್ರ ಕೊಡವಿಕೊಂಡು ಎದ್ದ. “ಪೇಪರ ಮಿಲ್ ಅಂತ ಸೀದಾ ಹೇಳಬೇಕಪ್ಪ” ಎಂದ.

ಕಬ್ಬಿನ ಸಿಪ್ಪೆಯಿಂದ ಕಾಗದ ಮಾಡುತ್ತಾರೆಂದು ಅವನು ಎಲ್ಲೋ ಕೇಳಿದ್ದ. ಮರುದಿನ ಮುಂಜಾನೆ ಮಾಸ್ತರರ ಬಾಗಿಲಿಗೆ ಒಂದು ಗಾಡಿ ಸಿಪ್ಪೆ ಬಂದು ಬಿತ್ತು. “ಸ್ಯಾಂಪಲ್ ಐತ್ರಿ. ಪಸಂದ ಬಂದ್ರ ಹೇಳ್ರಿ, ಗಾಣದ್ದೆಲ್ಲಾ ನಿಮಗ ಕೊಡತೇನಿ. ನಮ್ಮ ಅಳಿಯಗ ಒಂದು ವಾಚಮನ್ ನೌಕರಿ ನೋಡ್ರಿ.” ಬಸಂತರಾಯರು ಬಾಗಿಲು ದಾಟಲು ಸಿಪ್ಪೆಯ ಗುಡ್ಡ ಏರಿ ಇಳಿಯಬೇಕಾಯಿತು. ಅಂದು ಶಾಲೆಗೆ ತಡವಾಯಿತು. ಶಾಲೆಯಲ್ಲಿ ಹೆಡ್ ಮಾಸ್ತರರು ಎಂದೂ ಇಲ್ಲದವರು ಎದ್ದು ನಿಂತು ಕುರ್ಚಿ ತೋರಿಸಿ, “ಮಿಲ್ ಚಾಲೂ ಆದ ಮ್ಯಾಲೆ ನೋಟ್‌ಬುಕ್ಕು ನಮ್ಮ ಸಾಲಿಗೇ ಮೊದಲ ಕೊಡಬೇಕ್ರಿ” ಎಂದರು.

ಮೂರನೆಯ ದಿನ ಪಂಚಾಯತಿ ಮೆಂಬರ ಸೋಮನಿಂಗ ಬಂದ. ಅವನು ಕಾಯದೆಯ ಮನುಷ್ಯ.

“ಚಿಮಣಿ ಎಷ್ಟು ಫೂಟು ಮಾಡಸ್ತೀರಿ?”

“ಚಿಮಣಿನ ಇಲ್ಲೋ ಮಾರಾಯ. ಇದಕ್ಕ ಹೊಗೀನ ಬರೂದಿಲ್ಲ.”

“ಸರಕಾರದಾವ್ರು ಗಂಭೀರ ಅಂತಾರ, ನೀವು ಇಲ್ಲಂತೀರಿ. ಚಿಮಣಿ ಇಲ್ಲದ ಘಟಕಕ್ಕ ಪಂಚಾಯತಿ ಪರವಾನಿಗಿ ಕೊಡಾಕ ಬರಂಗಿಲ್ರಿ. ನಾಳೆ ಮಂದಿ ನನ್ನ ಕೇಳತಾರ.”

ಬಸಂತರಾಯರು ಒಂದು ತಾಸು ವಾದ ಮಾಡಿದರು. ಸೋಮನಿಂಗ ಒಂದು ತಾಸು ತಲೆ ಅಲ್ಲಾಡಿಸಿದ. ಕೊನೆಗೆ ಪರವಾನಿಗೆಯ ಚಿಂತೆ ಹರಿಯಲೆಂದು, ಯಂತ್ರವಿದ್ದ ಕೋಣೆಯ ಕಿಟಕಿಗೆ ಆರು ಫೂಟಿನ ತಗಡಿನ ಕೊಳವೆಯೊಂದನ್ನು ಮಾಸ್ತರರು ಹಚ್ಚಿಸಿದರು. ಅದರೊಳಗಿಂದ ಏನೂ ಬರುತ್ತಿರಲಿಲ್ಲ. ಎರಡು ಗುಬ್ಬಿ ಮಾತ್ರ ಒಳಗೆ ಹೋದವು.

ಎದುರು ಮನೆಯ ಶಮ್ಶುನ್ನೀಸಾ ಏನೂ ಕೇಳಿರಲಿಲ್ಲ. ಎರಡೂ ಮನೆಗಳ ನಡುವೆ ಓಣಿಯಲ್ಲಿ ಒಂದು ದೊಡ್ಡ ಬೇವಿನ ಗಿಡವಿತ್ತು. ಗಂಡ ತೀರಿಕೊಂಡ ಮೇಲೆ ಹದಿನೈದು ವರ್ಷಗಳಿಂದ ಅವಳು ಅದರ ಕೆಳಗೆ ಹೊಲಿಗೆ ಯಂತ್ರ ಇಟ್ಟುಕೊಂಡು ಸಂಸಾರ ನಡೆಸಿದ್ದಳು. ಒಳಗೆ ಅವಳ ಮನೆ ತಗಡಿನದು. ಹತ್ತು ಗಂಟೆಯ ನಂತರ ಅಲ್ಲಿ ಕೂರಲಾಗುತ್ತಿರಲಿಲ್ಲ. ಕೊಳವೆ ನೋಡಿದ ಮೇಲೆ ಅವಳು ಒಂದೇ ಮಾತು ಕೇಳಿದಳು.

“ಮಾಸ್ತರ, ಸಾಲಿ ಮಕ್ಕಳ ಬಿಳೀ ಅಂಗಿ ಹೊಲಿಯಾಕತ್ತೇನಿ. ಹೊಗಿ ಯಾವ ವಾರ ಬಿಡ್ತೀರಿ ಮೊದಲ ಹೇಳ್ರಿ. ಆವತ್ತು ಖಾಕಿ ಚಡ್ಡಿ ಇಟಗೋತೇನಿ.”

ಅಕ್ಟೋಬರಿನಲ್ಲಿ ಪರಿಸರ ಕಚೇರಿಯ ಇನ್ಸ್‌ಪೆಕ್ಟರ ಅನೀಲಕುಮಾರ ಜೀಪಿನಲ್ಲಿ ಬಂದಿಳಿದ. ಕೈಯಲ್ಲಿ ಗಾಳಿ ಅಳೆಯುವ ಪೆಟ್ಟಿಗೆ. ಇಳಿದವನು ಮೊದಲು ಕೊಳವೆಯನ್ನು ನೋಡಿದ.

“ಹೊಗಿ ಇಲ್ಲಂದ್ರ ಚಿಮಣಿ ಯಾಕ್ರಿ?”

“ಅದು ಹೊಗಿ ಇಲ್ಲ ಅಂತ ತೋರಸಲಿಕ್ಕೆ ಹಚ್ಚೀನ್ರಿ.”

ಇನ್ಸ್‌ಪೆಕ್ಟರ ಇದನ್ನು ಬರೆದುಕೊಂಡ. “ಘಟಕ ಚಾಲೂ ಮಾಡ್ರಿ, ಅಳೀತೇನಿ” ಎಂದ.

ಚಾಲೂ ಮಾಡಲು ಕರೆಂಟು ಬೇಕು. ಊರಿಗೆ ಬರುತ್ತಿದ್ದದ್ದು ಯಂತ್ರ ಕಣ್ಣು ತೆರೆದು ಮುಚ್ಚುವಷ್ಟು. ಸರಕಾರಿ ಇನ್ಸ್‌ಪೆಕ್ಟರನನ್ನು ಎರಡನೆಯ ಸಲ ಕರೆಸುವ ಧೈರ್ಯ ಯಾರಿಗಿದೆ? ಸಿಂದಗಿಯ ಪೆಂಡಾಲು ಅಂಗಡಿಯಿಂದ ಲಗ್ನದ ಜನರೇಟರನ್ನು ಟ್ರ್ಯಾಕ್ಟರಿಗೆ ಕಟ್ಟಿ ತರಿಸಿದರು. ಅದು ಮಾಸ್ತರರ ಅಂಗಳದಲ್ಲಿ ಹಿಡಿಸಲಿಲ್ಲವೆಂದು ಬೇವಿನ ಗಿಡದ ಕೆಳಗೇ ನಿಲ್ಲಿಸಿದರು. ಜನರೇಟರು ಎರಡು ಸಲ ಕೆಮ್ಮಿ, ಮೂರನೆಯ ಸಲಕ್ಕೆ ಇಡೀ ಓಣಿಯನ್ನು ಕಪ್ಪು ಮಾಡಿ ಚಾಲೂ ಆಯಿತು. ಯಂತ್ರ ಅರ್ಧ ತಾಸು ನಡೆದು, ಸೆಖೆಗೆ ಕಾದು, ತಾನಾಗಿಯೇ ಬಂದ್ ಆಯಿತು. ಅದನ್ನು ತಣ್ಣಗೆ ಮಾಡಲು ಕೂಲರ್ ತಂದರು. ಕೂಲರಿಗೆ ನೀರು ಬೇಕೆಂದು ಟ್ಯಾಂಕರ್ ಬಂತು. ಟ್ಯಾಂಕರ್ ಹಿಂದೆ ಸರಿಯುವಾಗ ಕಬ್ಬಿನ ಸಿಪ್ಪೆಯ ಗುಡ್ಡದಲ್ಲಿ ಸಿಕ್ಕಿಬಿತ್ತು. ಅದನ್ನು ಎಳೆಯಲು ಜನರೇಟರಿನ ಟ್ರ್ಯಾಕ್ಟರು ಹೋಯಿತು.

ಸಂಜೆ ನಾಲ್ಕಕ್ಕೆ ಲೆಕ್ಕ ಹೀಗಿತ್ತು: ಕಂಪ್ಯೂಟರಿಗೆ ಏರಿದ ಕಾಗದ ನಲವತ್ತು ಹಾಳೆ, ಸುಟ್ಟ ಡೀಸೆಲ್ ಇಪ್ಪತ್ತೆರಡು ಲೀಟರ್, ಖರ್ಚಾದ ನೀರು ಅರ್ಧ ಟ್ಯಾಂಕರ್. ಶಮ್ಶುನ್ನೀಸಾ ದಾರಕ್ಕೆ ತೂಗುಹಾಕಿದ್ದ ಹದಿನಾಲ್ಕು ಬಿಳಿ ಅಂಗಿಗಳು ಒಂದೇ ಬಣ್ಣಕ್ಕೆ ಬಂದಿದ್ದವು. ಆ ಬಣ್ಣಕ್ಕೆ ಇನ್ನೂ ಯಾರೂ ಹೆಸರಿಟ್ಟಿಲ್ಲ. ಅನೀಲಕುಮಾರನ ಪೆಟ್ಟಿಗೆಯ ಮುಳ್ಳು ಕೊನೆಯ ಅಂಕಿಗೆ ಹೋಗಿ ಹಿಂದೆ ಬರಲು ಒಪ್ಪಲಿಲ್ಲ. ಅವನು ಅದನ್ನು ಬಿಟ್ಟು, ಒಂದು ಅಂಗಿಯನ್ನು ಪುರಾವೆಗೆಂದು ಮಡಚಿ ಲಕೋಟೆಯಲ್ಲಿ ಹಾಕಿಕೊಂಡ. ಆಮೇಲೆ ಬಸಂತರಾಯರ ಕೈ ಹಿಡಿದುಕೊಂಡ.

“ಮಾಸ್ತರ, ಹದಿನಾರು ವರ್ಷ ಆತು ಈ ನೌಕರಿಗಿ ಬಂದು. ಎಂತೆಂಥಾ ಘಟಕ ನೋಡೇನಿ. ನದಿ ಬಣ್ಣ ಬದಲ ಮಾಡಿದಾವ್ರೂ ಪರಿಣಾಮ ‘ಇಲ್ಲ’ ಅಂತನ ಬರೀತಾರ. ಗಂಭೀರ ಅಂತ ಖರೇ ಬರದಾವ್ರು ನೀವೊಬ್ಬರ.”

“ಅದು ತಪ್ಪಿ ಬರದದ್ದ್ರಿ, ಸಾಹೇಬರ.”

“ತಪ್ಪಿ ಬರದ್ರೂ ಬರೋಬ್ಬರಿ ಬರದೀರಿ.”

ಅವನ ವರದಿ ಏಳು ಪ್ರತಿಗಳಲ್ಲಿ, ಪ್ರತಿಗೆ ಅರವತ್ತು ಪುಟದಂತೆ ಹೋಯಿತು. ಜನರೇಟರು ಕೂಡದು, ಘಟಕ ನಡೆಸುವುದಾದರೆ ನೇರ ವಿದ್ಯುತ್ ತಂತಿಯ ಮೇಲೆ ಮಾತ್ರ ನಡೆಸತಕ್ಕದ್ದು ಎಂಬುದು ಅದರ ಸಾರ.

ಇದನ್ನು ಓದಿ ಪರಂಪರೆ ಕಚೇರಿಯ ವಿದ್ಯಾವತಿಯವರು ನವೆಂಬರಿನ ಒಂದು ಮಧ್ಯಾಹ್ನ ಮೋರಟಗಿಗೆ ಖುದ್ದಾಗಿ ಬಂದರು. ಜೊತೆಗೆ ಕರೆಂಟಿನ ಲೈನಿನ ಇಬ್ಬರು ಆಳುಗಳು, ಒಂದು ಹಗ್ಗ, ಎರಡು ಕೊಡಲಿ. ಹೊಸ ತಂತಿ ಬರಬೇಕಾದ ದಾರಿಯಲ್ಲಿ ಬೇವಿನ ಗಿಡ ನಿಂತಿತ್ತು. ಊರವರೆಲ್ಲ ಅದರ ಕೆಳಗೆ ಸೇರಿದರು. ಮಿಲ್ಲಿಗೆ ತಂತಿ ಬಂತೆಂದು ಭೀಮಶ್ಯಾನಿಗೆ ಹಿಗ್ಗು. ಕೊಡಲಿ ನೋಡಿ ಶಮ್ಶುನ್ನೀಸಾ ಹೊಲಿಗೆ ನಿಲ್ಲಿಸಿದಳು, ಆದರೆ ಯಂತ್ರದ ಮುಂದಿನಿಂದ ಏಳಲಿಲ್ಲ.

ವಿದ್ಯಾವತಿಯವರು ಕಡತ ಬಿಚ್ಚಿ ಸಮಾಧಾನದಿಂದ ವಿವರಿಸಿದರು. “ಯಾರೂ ಗಾಬರಿಯಾಗಬೇಡಿ. ಮಾಸ್ತರರ ಹತ್ತಿರ ಹನ್ನೆರಡು ಕಟ್ಟುಗಳಿವೆ. ಕಟ್ಟಿಗೆ ಒಂದೂವರೆಯಂತೆ ನಾವು ಹದಿನೆಂಟು ಮರ ಉಳಿಸುತ್ತಿದ್ದೇವೆ. ಒಂದು ಕಡಿದರೂ ಹದಿನೇಳು ಉಳಿಯುತ್ತವೆ.”

“ಬಾಯಾರ, ಆ ಹದಿನೇಳು ಗಿಡ ಎಲ್ಲಿ ಅದಾವ ತೋರಸ್ರಿ” ಎಂದಳು ಶಮ್ಶುನ್ನೀಸಾ. “ಮಷೀನ ಹೊತಗೊಂಡು ಹೋಗಿ ಅಲ್ಲೇ ಕುಂಡರತೇನಿ.”

ವಿದ್ಯಾವತಿಯವರು ಕಡತದ ಪುಟಗಳನ್ನು ಹಿಂದಕ್ಕೂ ಮುಂದಕ್ಕೂ ತಿರುವಿದರು. “ಅವು ಲೆಕ್ಕದ ಮರಗಳಮ್ಮ. ತೋರಿಸಲಿಕ್ಕೆ ಬರುವುದಿಲ್ಲ.”

“ನೆರಳು?”

“ಅದರ ಬಗ್ಗೆ ನಮ್ಮಲ್ಲಿ ಕಲಮಿಲ್ಲ.”

ಜನರಲ್ಲಿ ಗುಜುಗುಜು ಎದ್ದಿತು. ವಿದ್ಯಾವತಿಯವರು ಮರ ಕಡಿದು ತಂತಿ ಎಳೆಯುವ ಒಪ್ಪಿಗೆಯ ಕಾಗದವನ್ನೂ ಪೆನ್ನನ್ನೂ ಬಸಂತರಾಯರ ಕೈಗೆ ಕೊಟ್ಟರು. “ನೀವು ಸಂಶೋಧಕರು. ಸಹಿ ಮಾಡುವ ಮೊದಲು ಈ ಜನಕ್ಕೆ ಒಂದು ಮಾತು ತಿಳಿಸಿ ಹೇಳಿ. ಈ ಕಾಗದಗಳಲ್ಲಿ ಏನಿದೆಯೆಂದು ಗೊತ್ತಾದರೆ ಒಂದು ಮರದ ಬೆಲೆ ದೊಡ್ಡದೆನಿಸುವುದಿಲ್ಲ” ಎಂದರು.

ಸಂಶೋಧಕ ಎಂಬ ಶಬ್ದ ಬಸಂತರಾಯರ ಕಿವಿಗೆ ಬಿದ್ದು ಎದೆಗಿಳಿಯಿತು. ಅದರ ಹಿಂದೆಯೇ ಉಳಿದ ಮಾತೂ ಇಳಿಯಿತು. ಅವರು ಒಂದು ಕೆಂಪು ಕಟ್ಟನ್ನು ತರಿಸಿ ಗಂಟು ಬಿಚ್ಚಿ, ಮೇಲಿನ ಹಾಳೆಯನ್ನು ಹಿಡಿದು ನಿಂತರು. ಕನ್ನಡಕ ತೆಗೆದು ಒರೆಸಿದರು. ಹಾಳೆಯನ್ನು ಸ್ವಲ್ಪ ದೂರ ಹಿಡಿದರು, ಆಮೇಲೆ ಹತ್ತಿರ ಹಿಡಿದರು. ಹಿಂದೆ ನಿಂತವರು ಕತ್ತು ಚಾಚಿದರು.

“ಹಾಳಿ ತೆಳಗಮ್ಯಾಲೆ ಹಿಡದೀರಿ” ಎಂಬ ಮಾತು ಬಾಗಿಲಿನಿಂದ ಬಂತು.

ರಂಗೂಬಾಯಿ ಹೊಸ್ತಿಲ ಮೇಲೆ ನಿಂತಿದ್ದರು. ಹೊರಗೆ ಬಂದು, ಸೆರಗಿಗೆ ಕೈ ಒರೆಸಿಕೊಂಡು, ಗಂಡನ ಕೈಯಿಂದ ಹಾಳೆ ತೆಗೆದುಕೊಂಡು ತಿರುಗಿಸಿದರು. ಬೇವಿನ ಕಟ್ಟೆಯ ಮೇಲೆ ಕೂತು, ಅಕ್ಕಿಯಲ್ಲಿ ಹರಳು ಆರಿಸುವಷ್ಟು ಸಲೀಸಾಗಿ ಓದತೊಡಗಿದರು. ಮರಾಠಿ ಒಂದು ಸಾಲು, ಅದರ ಬೆನ್ನಿಗೆ ಕನ್ನಡ.

“ಶಕೆ ಹದಿನೇಳುನೂರಾ ತೊಂಬತ್ತು, ಅಂದ್ರ ಇಸವಿ ಹದಿನೆಂಟುನೂರಾ ಅರವತ್ತೆಂಟು, ಮೌಜೆ ಮೋರಟಗಿ. ಶಿವಶ್ಯಾನ ಮಗ ಭೀಮಶ್ಯಾ ಪಂಚರ ಮುಂದ ಆಣಿ ಮಾಡಿ ಹೇಳತಾನ: ಮಂದೀ ಜ್ವಾಳ ಮೇದ ಹೋರಿ ನಂದಲ್ಲ. ಅದರ ಗುರುತ ನನಗ ಇಲ್ಲ. ಪಂಚರು ಹೋರಿ ಹಗ್ಗ ಬಿಚ್ಚಿದರು. ಹೋರಿ ಸೀದಾ ಭೀಮಶ್ಯಾನ ಮನೀಗೆ ಹೋಗಿ ಮೇವಿನ ಗ್ವಾದಲಿ ಮುಂದ ನಿಂತು ಒದರಿತು.”

ಜನ ನಕ್ಕರು. “ಅಂವ ನಮ್ಮ ಮುತ್ತ್ಯಾನ ಅಪ್ಪ ಆಗಬೇಕ್ರಿ” ಎಂದ ಭೀಮಶ್ಯಾ ತಲೆ ಕೆಳಗೆ ಹಾಕಿ. “ಆದ್ರ ಹೋರಿ ತಾನಾಗಿ ಯಾರ ಮನೀಗಾದ್ರೂ ಹೋಗಬಹುದ್ರಿ.”

“ಮುಂದ ಓದ್ರಿ” ಎಂದ ಸೋಮನಿಂಗ ಹಿಗ್ಗಿನಿಂದ. “ಪಂಚರು ಯಾರು ಇದ್ರು?”

“ಹಿರೇಪಂಚ ಸೋಮನಿಂಗ, ನಿಮ್ಮವನ ಇರಬೇಕು. ಅಂವ ಮಧ್ಯಾಹ್ನ ಫಿರ್ಯಾದಿ ಮನ್ಯಾಗ ಉಂಡ, ಸಂಜಿಗೆ ಭೀಮಶ್ಯಾನ ಮನ್ಯಾಗ ಉಂಡ. ಉಂಡ ಮ್ಯಾಲೆ, ಎರಡೂ ಕಡೆ ನ್ಯಾಯ ಅದ ಅಂತ ಹೇಳಿ ಎದ್ದು ಹೋದ.”

ಈ ಸಲದ ನಗೆಗೆ ಗಿಡದ ಮೇಲಿನ ಕಾಗೆಗಳು ಹಾರಿದವು. ಕೊಡಲಿಯವರಿಬ್ಬರೂ ಕೊಡಲಿ ನೆಲಕ್ಕಿಟ್ಟು ಕೂತರು. ಅಲ್ಲಿಂದ ಒಂದು ತಾಸು ರಂಗೂಬಾಯಿ ಓದಿದರು. ಯಾರ ಬಾವಿಗೆ ಯಾರು ಅಡ್ಡ ನಿಂತದ್ದು, ಸಾಹೇಬನ ಡೇರೆಗೆ ಕೋಳಿ ಕೊಡಲು ಒಲ್ಲೆನೆಂದವಳು ಯಾರು, ಎಲ್ಲವೂ ಒಂದೊಂದಾಗಿ ಹೊರಬಂತು. ಕೂತವರಲ್ಲಿ ಆ ಹೆಸರಿನವರು ಇದ್ದೇ ಇರುತ್ತಿದ್ದರು. ಫ್ಯಾಕ್ಟರಿಯ ಮಾತನ್ನು ಯಾರೂ ಎತ್ತಲಿಲ್ಲ.

“ನಮ್ಮ ಮಾಂವನ ಕಡೆದಾವ್ರದು ಏನರ ಐತೇನ್ರಿ, ಬಾಯಾರ?” ಎಂದು ಶಮ್ಶುನ್ನೀಸಾ ಕೇಳಿದಳು. “ಹನ್ನೆರಡು ಕಟ್ಟು ಅದಾವ. ಹುಡುಕೂಣು” ಎಂದರು ರಂಗೂಬಾಯಿ.

ವಿದ್ಯಾವತಿಯವರು ಕಡತವನ್ನು ಯಾವಾಗಲೋ ಮುಚ್ಚಿ ತೊಡೆಯ ಮೇಲಿಟ್ಟುಕೊಂಡಿದ್ದರು. ಇಂಥ ಕಾಗದ ಲಕ್ಷಗಟ್ಟಲೆ ಅವರ ಕೈಯಿಂದ ಕಂಪ್ಯೂಟರಿಗೆ ಹೋಗಿದ್ದವು. ಒಂದನ್ನೂ ಅವರು ಕೇಳಿರಲಿಲ್ಲ. “ಅಮ್ಮ, ಕೊನೆಗೆ ಆ ಹೋರಿ ಯಾರ ಪಾಲಾಯಿತು?” ಎಂದು ಮೆಲ್ಲಗೆ ಕೇಳಿದರು.

ಬಸಂತರಾಯರು ಇಷ್ಟು ಹೊತ್ತೂ ನಿಂತೇ ಇದ್ದರು. ಊರಿನ ಎದುರು ತಮ್ಮ ಗುಟ್ಟು ಬಯಲಾದದ್ದಕ್ಕೆ ನೆಲ ಬಾಯಿ ಬಿಡಬಾರದೇ ಎನ್ನಿಸಿತ್ತು. ಆದರೆ ಯಾರೂ ತಮ್ಮ ಕಡೆ ನೋಡುತ್ತಲೇ ಇರಲಿಲ್ಲವೆಂದು ನಿಧಾನವಾಗಿ ತಿಳಿಯಿತು. ಎಲ್ಲರೂ ರಂಗೂಬಾಯಿಯನ್ನು ನೋಡುತ್ತಿದ್ದರು. ಕೈಯಲ್ಲಿ ಒಪ್ಪಿಗೆಯ ಕಾಗದ ಬೆವರಿಗೆ ಮೆತ್ತಗಾಗಿತ್ತು. ಸಹಿ ಮಾಡಿದರೆ ಮುದ್ದೇಬಿಹಾಳದವರ ಸಾಲಿನಲ್ಲಿ ಕುರ್ಚಿ, ಅದಂತೂ ಖಾತ್ರಿ. ಅವರು ಶಮ್ಶುನ್ನೀಸಾಳ ಕಡೆ ನೋಡಿದರು. ಆಕೆ ಹಾಳೆಯ ಕಡೆಗೇ ಕಿವಿ ಇಟ್ಟಿದ್ದಳು; ಎರಡೂ ಕೈ ಹೊಲಿಗೆ ಯಂತ್ರದ ಮೇಲೆ ಇದ್ದವು.

ಬಸಂತರಾಯರು ಪೆನ್ನಿನ ಟೊಪ್ಪಿಗೆ ಮುಚ್ಚಿ ವಿದ್ಯಾವತಿಯವರಿಗೆ ತಿರುಗಿ ಕೊಟ್ಟರು.

“ಗಿಡ ಇರಲಿ, ಬಾಯಾರ. ಮಷೀನು ಒಯ್ರಿ.”

“ಹಾಗಾದರೆ ನಿಮ್ಮ ಹೆಸರು ಯೋಜನೆಯಿಂದ ಹೋಗುತ್ತದೆ ಮಾಸ್ತರೇ.”

“ಹೋಗಲಿ. ಅಲ್ಲಿ ಇರಬೇಕಾದ ಹೆಸರು ನಂದಲ್ಲ.”

ಯಂತ್ರ ಒಂಬತ್ತು ಹೊಸ ಪೆಟ್ಟಿಗೆಗಳಲ್ಲಿ ವಿಜಾಪುರಕ್ಕೆ ಮರಳಿತು. ಪರಂಪರೆ ಕಚೇರಿ ಕೆಲಸ ನಿಂತದ್ದಕ್ಕೆ ಕಾರಣ ಕೇಳಿ ಪರಿಸರ ಕಚೇರಿಗೆ ಬರೆಯಿತು; ಪರಿಸರ ಕಚೇರಿ ಆ ಪತ್ರವನ್ನು ಸ್ವೀಕರಿಸಲಿಲ್ಲ. ಮೋರಟಗಿಯಲ್ಲಿ ರವಿವಾರ ಮಧ್ಯಾಹ್ನ ಬೇವಿನ ಕಟ್ಟೆಯ ಮೇಲೆ ಓದು ಕಾಯಂ ಆಯಿತು. ಭೀಮಶ್ಯಾ ಪ್ರತಿ ವಾರ ಬಂದು, ಹೋರಿಯ ಹಾಳೆಯನ್ನೊಂದು ಬಿಟ್ಟು ಬೇರೆ ಯಾವುದನ್ನಾದರೂ ಓದಬೇಕೆಂದು ಬೇಡಿಕೊಳ್ಳುತ್ತಿದ್ದ. ಸೋಮನಿಂಗ ಪ್ರತಿ ವಾರ ಹೋರಿಯದನ್ನೇ ಕೇಳುತ್ತಿದ್ದ, ಎರಡನೆಯ ಪುಟ ಬರುವ ಮೊದಲು ಎದ್ದು ಹೋಗುತ್ತಿದ್ದ.

ಒಂದು ದಿನ ಶಾಲೆ ಬಿಟ್ಟು ಬಂದ ಬಸಂತರಾಯರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

“ಮೂವತ್ತು ವರ್ಷ ಆತು ಲಗ್ನ ಆಗಿ. ಮೋಡಿ ಬರ್ತದ ಅಂತ ಒಮ್ಮೆನೂ ಹೇಳಲಿಲ್ಲಲ್ಲ ನೀನು.”

“ಇಂಡಿ ಕೋರ್ಟಿನ ಮುಂದ ದಸ್ತಾವೇಜು ಬರಿಯೋರ ಮಗಳು ನಾನು. ನಮ್ಮಪ್ಪ ಹೇಳತಿದ್ದ, ನಾ ಬರೀತಿದ್ದೆ. ನೀವು ಕೇಳಲಿಲ್ಲ. ಮತ್ತ ನಿಮಗ ಗೊತ್ತದ ಅಂತನೂ ತಿಳಕೊಂಡಿದ್ದೆ.”

ಮಾಸ್ತರರು ಹೊಸ್ತಿಲು ದಾಟಿ ಒಳಗೆ ಬಂದರು. “ನನಗ ಕಲಸ್ತೀಯೇನು?”

ರಂಗೂಬಾಯಿ ಒಲೆಯ ಮೇಲಿನ ಪಾತ್ರೆ ಕೆಳಗಿಳಿಸಿದರು. ಗಂಡನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದರು.

“ನಾ ಆರು ತಿಂಗಳದಾಗ ಕಲ್ತೆ. ಆಗ ನನಗ ಒಂಬತ್ತು ವರ್ಷ. ನಿಮಗ ಎಷ್ಟು ದಿವಸ ಹಿಡೀತದೋ ಹೇಳಲಿಕ್ಕೆ ಬರೂದಿಲ್ಲ” ಎಂದರು. “ಮೊದಲ ಹೋಗಿ ಕೈ ತೊಳಕೊಂಡು ಬರ್ರಿ. ಕಾಗದ ಹಳೇವದಾವ.”

ಇಪ್ಪತ್ತೆಂಟು ವರ್ಷದ ಅನುಭವವಿದ್ದ ಇತಿಹಾಸದ ಮಾಸ್ತರರು ಅಂಗಿಯ ತೋಳು ಮೇಲೇರಿಸಿಕೊಂಡು ಬಚ್ಚಲಿನ ಕಡೆ ನಡೆದರು.